ನಾಲ್ಕರಿಂದ ಐದು, ನನ್ನ ಹೊತ್ತು

(ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಹೆಂಗಸರು ಸೇರುವ ಭಾನುವಾರದ ಸಭೆಯಲ್ಲಿ, ಏಪ್ರಿಲ್ ಮೊದಲ ವಾರ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇನ್ನು ಕೆಲವೇ ದಿನಕ್ಕೆ ಶಾಲೆಗಳ ಫಲಿತಾಂಶ. ಏಪ್ರಿಲ್ 10ಕ್ಕೆ ಮಕ್ಕಳ ಕೈಗೆ ಅಂಕಪಟ್ಟಿ ಕೊಟ್ಟರೆ ಮುಗಿಯಿತು, 11ರಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. 26 ವರ್ಷ ಆಯ್ತು. ಹಾಗಾಗಿ ಈ ರಜೆ ನನಗೂ ರಜೆ ಅಂತ ಎಲ್ಲರ ಲೆಕ್ಕ. "ನಿಮಗೇನು ಮೇಡಂ, ಒಂದೂವರೆ ತಿಂಗಳು ಆರಾಮ" ಅಂತ ತರಕಾರಿ ಅಂಗಡಿಯವರೂ ಹೇಳುತ್ತಾರೆ.

ನಿಜ ಹೇಳಬೇಕು ಅಂದರೆ, ಏಪ್ರಿಲ್‌ನಲ್ಲಿ ನನಗೆ ಆರಾಮ ಅನಿಸಿದ್ದು ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ದಿನಗಳಲ್ಲಿ. ಒಂದು ದೊಡ್ಡ ಕೋಣೆ. ಸಾಲು ಸಾಲು ಬೆಂಚು. ಎದುರಿಗೆ ಉತ್ತರ ಪತ್ರಿಕೆಗಳ ಕಟ್ಟು. ಫ್ಯಾನು ತಿರುಗುವ ಸದ್ದು, ಹಾಳೆ ಮಗುಚುವ ಸದ್ದು, ಅಷ್ಟೇ. ಯಾರೂ ನನ್ನನ್ನು ಕರೆಯುವುದಿಲ್ಲ. ಒಂದು ವರ್ಷ ಮೌಲ್ಯಮಾಪನದ ಕೊನೆಯ ದಿನ ಮನೆಗೆ ಬರುವಾಗ ಬೇಜಾರಾಯಿತು. ಮುಗಿದೇ ಹೋಯಿತಲ್ಲ ಅನಿಸಿತು. ಕೆಲಸ ಮುಗಿದದ್ದಕ್ಕೆ ಬೇಜಾರು, ರಜೆ ಶುರುವಾಗುತ್ತೆ ಅಂತ ಬೇಜಾರು! ಆ ದಿನ ಬಸ್ಸಿನಲ್ಲಿ ಕೂತು ನಾನು ಮೊದಲ ಸಲ ಯೋಚನೆ ಮಾಡಿದೆ, ಇದರಲ್ಲಿ ಏನೋ ಸರಿಯಿಲ್ಲ ಅಂತ. ಇವತ್ತಿನ ನನ್ನ ಮಾತೆಲ್ಲ ಆ ಯೋಚನೆಯಿಂದ ಹುಟ್ಟಿದ್ದು.

ನಮ್ಮ ಯಜಮಾನರ ಊರು ತೀರ್ಥಹಳ್ಳಿ ಹತ್ತಿರ. ರಜೆ ಬಂತು ಅಂದರೆ ಎಲ್ಲರೂ ಅಲ್ಲಿಗೆ. ಅತ್ತೆ, ಮಾವ. ಊರಲ್ಲೇ ಇರುವ ಮೈದುನ, ಅವನ ಹೆಂಡತಿ, ಇಬ್ಬರು ಮಕ್ಕಳು. ನಾವು ನಾಲ್ವರು. ದೊಡ್ಡ ನಾದಿನಿ, ಅವಳ ಗಂಡ, ಎರಡು ಮಕ್ಕಳು. ಚಿಕ್ಕ ನಾದಿನಿ, ಅವಳ ಗಂಡ, ಒಂದು ಮಗು. ಒಟ್ಟು 17 ಜನ. ಜೊತೆಗೆ ಮದುವೆ, ಉಪನಯನ, ಗೃಹಪ್ರವೇಶ ಅಂತ ಬಂದು ಹೋಗುವವರು. ಮಳೆಗಾಲಕ್ಕೆ ಮೊದಲು ಆಗಬೇಕಾದ ಕೆಲಸವೆಲ್ಲ ಇದೇ ಹೊತ್ತಿಗೆ. ಮಾವಿನ ಮಿಡಿ ಬಂದಿರುತ್ತೆ, ಉಪ್ಪಿಗೆ ಹಾಕಬೇಕು. ಸಂಡಿಗೆ ಇಡಬೇಕು. ಹಲಸಿನ ಹಪ್ಪಳ ಆಗಬೇಕು. ಮಳೆ ಹಿಡಿದರೆ ಮತ್ತೆ ಬಿಸಿಲು ಸಿಗುವುದಿಲ್ಲ, ನಿಮಗೆಲ್ಲ ಗೊತ್ತಿದ್ದದ್ದೇ.

ನನಗೆ ಆ ಮನೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಜಗಲಿಯಲ್ಲಿ ಮಕ್ಕಳೆಲ್ಲ ಸಾಲಾಗಿ ಹಾಸಿಗೆ ಹಾಸಿಕೊಂಡು ಮಲಗಿ, ಯಾರಿಗೋ ನಗು ಬಂದು, ಒಬ್ಬರಿಂದ ಒಬ್ಬರಿಗೆ ಹಬ್ಬಿ, ಮಾವ ಒಳಗಿನಿಂದ "ಸಾಕು ಮಲಗ್ರೋ" ಅಂತ ಗದರುವುದು, ಆ ಸದ್ದು ಇಲ್ಲದ ರಜೆ ನನಗೆ ಬೇಡ. ನಾನು ಮಾತಾಡುತ್ತಿರುವುದು ಮನೆಯವರಿಂದ ತಪ್ಪಿಸಿಕೊಳ್ಳುವ ಬಗ್ಗೆ ಅಲ್ಲ. ಅವರ ನಡುವೆ ಇದ್ದುಕೊಂಡೇ ನನ್ನನ್ನು ನಾನು ಕಳೆದುಕೊಳ್ಳದೆ ಇರುವುದು ಹೇಗೆ, ಅದರ ಬಗ್ಗೆ.

ಒಂದು ದಿನದ ಮಾತು ಹೇಳುತ್ತೇನೆ. ಮೂರು ವರ್ಷದ ಹಿಂದೆ, ಮೇ ತಿಂಗಳು, ಹಲಸಿನ ಹಪ್ಪಳದ ದಿನ. ಬಲಿತ ಹಲಸಿನಕಾಯಿ ಐದು ಕೊಯ್ದು ತಂದಿದ್ದರು. ಬೆಳಗ್ಗೆಯಿಂದ ತೊಳೆ ಬಿಡಿಸಿ, ಬೇಯಿಸಿ, ಮೆಣಸಿನಕಾಯಿ ಜೀರಿಗೆ ಉಪ್ಪು ಹಾಕಿ ಒರಳಲ್ಲಿ ಕುಟ್ಟಿ, ಉಂಡೆ ಮಾಡಿ, ಒತ್ತಿ, ಅಂಗಳದ ಚಾಪೆ ಮೇಲೆ ಹಾಕುವುದು. ಕೈಗೆಲ್ಲ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರೂ ಹಲಸಿನ ಅಂಟು ಬಿಡುವುದಿಲ್ಲ. ಮಧ್ಯೆ ಹದಿನೇಳು ಜನರ ಊಟ. ಮಧ್ಯೆ ಟೀ. ಮಧ್ಯೆ ಒಂದು ಮಗು ಬಿದ್ದು ಮೊಣಕಾಲು ಕೆತ್ತಿಕೊಂಡಿತು. ಮೂರೂವರೆ ಹೊತ್ತಿಗೆ ಕೈ ತೊಳೆಯಲು ಬಚ್ಚಲುಮನೆಗೆ ಹೋದೆ. ಚಿಲಕ ಹಾಕಿದೆ. ಬಕೆಟ್ ಕವುಚಿ ಅದರ ಮೇಲೆ ಕೂತೆ. ನಲ್ಲಿ ಬಿಟ್ಟುಕೊಂಡೆ, ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಗಲಿ, ಕರೆಯದೆ ಇರಲಿ ಅಂತ. ಹಂಡೆ ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ಇತ್ತು. ಅದನ್ನೇ ನೋಡುತ್ತ ಕೂತಿದ್ದೆ. ಹತ್ತು ನಿಮಿಷ ಇರಬಹುದು.

ಬಾಗಿಲು ತಟ್ಟಿದ ಸದ್ದಾಯಿತು. ವಾರಗಿತ್ತಿ. ಮೆಲ್ಲಗೆ ಕೇಳಿದಳು: "ಅಕ್ಕಾ, ನಿಮ್ಮದು ಆಯ್ತಾ? ಆದ್ಮೇಲೆ ನಾನೂ ಸ್ವಲ್ಪ ಹೊತ್ತು ಕೂತ್ಕೋತೀನಿ."

ಗಮನಿಸಿ. ಕೈ ತೊಳ್ಕೋತೀನಿ ಅನ್ನಲಿಲ್ಲ. ಕೂತ್ಕೋತೀನಿ ಅಂದಳು.

ಬಾಗಿಲು ತೆಗೆದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳಿಗೆ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಹನ್ನೆರಡು ವರ್ಷದಿಂದ ಒಂದೇ ಅಡುಗೆಮನೆಯಲ್ಲಿ ರಜೆ ಕಳೆದವರು ನಾವು. ನಾನು ಬಚ್ಚಲಲ್ಲಿ, ಅವಳು ಕೊಟ್ಟಿಗೆಯಲ್ಲಿ. ಹುಲ್ಲು ಹಾಕೋಕೆ ಅಂತ ಹೋದವಳು ಅರ್ಧ ಗಂಟೆ ಬರುತ್ತಿರಲಿಲ್ಲ ಯಾಕೆ ಅಂತ ನನಗೆ ಅವತ್ತು ಗೊತ್ತಾಯಿತು. ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಹೊತ್ತು ಕದಿಯುತ್ತಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಕದ್ದ ಹೊತ್ತಿನಲ್ಲಿ ಸುಖ ಇಲ್ಲ. ಇದು ನನ್ನ ಅನುಭವ. ಹತ್ತು ನಿಮಿಷ ಕೂತರೂ ಕಿವಿ ಬಾಗಿಲಲ್ಲೇ ಇರುತ್ತೆ. ಯಾರು ಕರೆದರು, ಹಾಲು ಉಕ್ಕಿತೇನೋ, ಅತ್ತೆ ಏನಂದುಕೊಂಡರೋ. ಎದ್ದು ಬಂದಾಗ ಇನ್ನೂ ಜಾಸ್ತಿ ಸುಸ್ತು. ನಿದ್ದೆ ಬರುವಾಗ ಎಬ್ಬಿಸಿದ ಹಾಗೆ. ಹಾಗಾಗಿ ನಾನು ಹೇಳುವ ಮಾತು ಒಂದೇ. ಕದಿಯಬೇಡಿ, ಕೇಳಿ ತಗೊಳ್ಳಿ. ಎಲ್ಲರ ಎದುರಿಗೆ, ಗಂಟೆ ಹೇಳಿ, ಹೆಸರಿಟ್ಟು.

ಕೇಳುವುದು ಯಾಕೆ ಅಷ್ಟು ಕಷ್ಟ? ನಾನು ಭಾಷೆ ಕಲಿಸುವವಳು, ಮಾತಿನ ಕಡೆಗೇ ಗಮನ ಹೋಗುತ್ತೆ. ಮನೆಯಲ್ಲಿ ಒಬ್ಬ ಹೆಂಗಸು ಒಬ್ಬಳೇ ಕೂತಿದ್ದಾಳೆ ಅಂದ್ರೆ ನೋಡಿದವರು ಮೊದಲು ಕೇಳುವುದು "ಯಾಕೆ, ಏನಾಯ್ತು?" ಅಂತ. ಎರಡನೆಯದು "ಮೈ ಹುಷಾರಿಲ್ವಾ?" ಮೂರನೆಯದು "ಯಾರಾದ್ರೂ ಏನಾದ್ರೂ ಅಂದ್ರಾ?" ಒಬ್ಬಳೇ ಕೂರುವುದಕ್ಕೆ ಕಾಯಿಲೆ ಇರಬೇಕು, ಇಲ್ಲ ಜಗಳ ಆಗಿರಬೇಕು. ಸುಮ್ನೆ ಕೂತಿದ್ದೀನಿ ಅಂದರೆ ಯಾರೂ ನಂಬುವುದಿಲ್ಲ. "ಸುಮ್ನೆ ಕೂತಿದ್ಯಾ? ಹಾಗಿದ್ರೆ ಈ ಬೀನ್ಸ್ ಬಿಡಿಸಿಕೊಡು" ಅನ್ನುತ್ತಾರೆ. ಅದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ. ಖಾಲಿ ಕೈ ಕಂಡರೆ ಕೆಲಸ ಕೊಡುವುದು ದೊಡ್ಡ ಮನೆಗಳ ಅಭ್ಯಾಸ.

ಗಂಡಸರಿಗೆ ಈ ಕಷ್ಟ ಇಲ್ಲ. ಅವರಿಗೆ ಒಂದು ಸಿದ್ಧ ಮಾತಿದೆ. "ತೋಟಕ್ಕೆ ಹೋಗಿ ಬರ್ತೀನಿ." "ಪೇಟೆಗೆ ಹೋಗಿ ಬರ್ತೀನಿ." ನಮ್ಮ ಮಾವನವರು ಸಂಜೆ ತೋಟಕ್ಕೆ ಹೋದರೆ ಅಡಿಕೆ ಮರ ನೋಡುತ್ತಾರೋ, ತೋಟದ ಕಾಲುವೆ ಬದಿ ಸುಮ್ಮನೆ ಕೂರುತ್ತಾರೋ, ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಅವರಿಗೆ ಆ ಹೊತ್ತು ಬೇಕು. ನನಗೆ ಬೇಕಾದದ್ದೂ ಅಂಥದ್ದೇ ಒಂದು ಮಾತು. ಹೇಳಿ ಎದ್ದು ಹೋಗುವಂಥದ್ದು, ಯಾರೂ ಹುಬ್ಬೇರಿಸದಂಥದ್ದು.

ಇಲ್ಲೇ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಅಂದರು, "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಮ್ಮ." ಇರಲಿಲ್ಲ ಅಂತ ನನಗೆ ಅನಿಸುವುದಿಲ್ಲ. ಬೇರೆ ಹೆಸರಲ್ಲಿ ಇತ್ತು ಅನಿಸುತ್ತೆ. ಬೀಸುವ ಕಲ್ಲನ್ನು ನೆನಪು ಮಾಡಿಕೊಳ್ಳಿ. ಮನೆಯೆಲ್ಲ ಮಲಗಿರುವಾಗ, ಕೋಳಿ ಕೂಗುವ ಹೊತ್ತಿಗೆ ಎದ್ದು, ಒಬ್ಬಳೇ ಇಲ್ಲವೇ ಇಬ್ಬರು ಎದುರುಬದುರು ಕೂತು ರಾಗಿ ಬೀಸುವುದು, ಜೋಳ ಬೀಸುವುದು. ನಮ್ಮ ಜನಪದ ತ್ರಿಪದಿಗಳಲ್ಲಿ ಎಷ್ಟೋ ಹುಟ್ಟಿದ್ದು, ಉಳಿದದ್ದು ಆ ಕಲ್ಲಿನ ಮುಂದೆ. ತವರಿನ ನೆನಪು, ಅಣ್ಣನ ಮೇಲಿನ ಪ್ರೀತಿ, ಅತ್ತೆಮನೆಯ ನೋವು, ಎಲ್ಲ ಅಲ್ಲಿದೆ. ಹಗಲಲ್ಲಿ ಬಾಯಿ ಬಿಡಲಾಗದ್ದನ್ನು ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಿಕೊಂಡರು. ಕೈಗೆ ಕೆಲಸ ಇತ್ತು, ನಿಜ. ಮನಸ್ಸು ಮಾತ್ರ ಅವರದೇ ಆಗಿತ್ತು.

ಹೊಳೆಗೆ ಬಟ್ಟೆ ಒಗೆಯಲು ಹೋಗುವುದಿತ್ತು. ಹೊಸದಾಗಿ ಮದುವೆಯಾದವಳಿಗೆ ಆಷಾಢದಲ್ಲಿ ತವರಿಗೆ ಹೋಗುವುದಿತ್ತು. ತಿಂಗಳಿಗೆ ಮೂರು ದಿನ ಹೊರಗೆ ಕೂರುವುದೂ ಇತ್ತು. ಅದನ್ನು ವಿಶ್ರಾಂತಿ ಅಂತ ಹೊಗಳುವವರಿದ್ದಾರೆ. ನಾನು ಹೊಗಳುವುದಿಲ್ಲ. ಮುಟ್ಟಬೇಡ ಅಂತ ದೂರ ಇಟ್ಟು ಕೊಟ್ಟ ಬಿಡುವು ಬಿಡುವಲ್ಲ, ಅವಮಾನ. ಆ ಪದ್ಧತಿ ಹೋದ ಕಡೆಯಲ್ಲೆಲ್ಲ ಒಳ್ಳೆಯದೇ ಆಯಿತು. ಮಿಕ್ಸಿ ಬಂತು, ವಾಷಿಂಗ್ ಮೆಷಿನ್ ಬಂತು, ಅದೂ ಒಳ್ಳೆಯದೇ. ಮೈಕೆಲಸ ಕಡಿಮೆಯಾಯಿತು. ಅದರ ಜೊತೆಗೆ ಆ ಕೆಲಸಗಳ ಮರೆಯಲ್ಲಿದ್ದ ಏಕಾಂತವೂ ಹೋಯಿತು. ಮಿಕ್ಸಿ ಎರಡು ನಿಮಿಷ ತಿರುಗುತ್ತೆ, ಅದರ ಮುಂದೆ ಯಾರು ಹಾಡುತ್ತಾರೆ? ಹೋದದ್ದರ ಜಾಗಕ್ಕೆ ನಾವು ಏನನ್ನೂ ತಂದುಕೊಳ್ಳಲಿಲ್ಲ.

ನಮ್ಮ ತೀರ್ಥಹಳ್ಳಿ ಕಡೆಯ ಇನ್ನೊಂದು ಮನೆಯ ನೆನಪಾಗುತ್ತೆ. ಕುಪ್ಪಳಿಗೆ ನಿಮ್ಮಲ್ಲಿ ತುಂಬ ಜನ ಹೋಗಿರುತ್ತೀರಿ. ಕುವೆಂಪು ಬೆಳೆದ ಆ ದೊಡ್ಡ ಮನೆ ಈಗ ಸ್ಮಾರಕ. ಮೇಲೆ ಗುಡ್ಡದಲ್ಲಿ ಕವಿಶೈಲ. ಮನೆ ತುಂಬ ಜನ ಇದ್ದ ಮನೆ ಅದು. ಕವಿಗೆ ಕೂರಲು ಮೇಲೊಂದು ಬಂಡೆ ಇತ್ತು. ಮೈಸೂರಿನಿಂದ ರಜೆಗೆ ಊರಿಗೆ ಬಂದಾಗ ಅಲ್ಲಿ ಹೋಗಿ ಕೂರುತ್ತಿದ್ದರು. ಆ ಬಂಡೆ ಇಲ್ಲದಿದ್ದರೆ ನಮಗೆ ಎಷ್ಟು ಕವಿತೆ ತಪ್ಪಿಹೋಗುತ್ತಿತ್ತೋ. ಶಾಲೆಯ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಎಷ್ಟೋ ಸಲ ಹೋಗಿದ್ದೇನೆ. ಒಂದು ಸಲ ಮಕ್ಕಳೆಲ್ಲ ಮೇಲೆ ಓಡಿದ ಮೇಲೆ ನಾನು ಕೆಳಗೆ ಮನೆಯಲ್ಲೇ ಸ್ವಲ್ಪ ಹೊತ್ತು ನಿಂತೆ. ಹಳೆಯ ಪಾತ್ರೆ, ಪರಿಕರಗಳನ್ನು ನೋಡುತ್ತ ಇದ್ದೆ. ಇಂಥ ಮನೆಗಳಲ್ಲಿ ಇಷ್ಟು ಜನಕ್ಕೆ ಬೇಯಿಸಿ ಬಡಿಸಿದ ಕೈಗಳಲ್ಲಿ ಎಷ್ಟು ಜನಕ್ಕೆ ಸಂಜೆ ಹೊತ್ತು ಒಂದು ಬಂಡೆ ಸಿಕ್ಕಿತ್ತು ಅಂತ ಯೋಚನೆ ಬಂತು. ಅವರೆಲ್ಲ ಕವಿತೆ ಬರೆಯಬೇಕಾಗಿರಲಿಲ್ಲ. ಸೂರ್ಯ ಮುಳುಗುವುದನ್ನು ನೋಡಿಕೊಂಡು ಬಂದಿದ್ದರೂ ಸಾಕಿತ್ತು.

ಸರಿ, ನಾವು ಏನು ಮಾಡಿದೆವು ಅಂತ ಹೇಳುತ್ತೇನೆ.

ಬಚ್ಚಲುಮನೆಯ ಆ ದಿನ ರಾತ್ರಿ ನಾನು, ವಾರಗಿತ್ತಿ ಇಬ್ಬರೂ ಹಿತ್ತಲ ಕಟ್ಟೆ ಮೇಲೆ ಕೂತು ಮಾತಾಡಿದೆವು. ಸಂಜೆ ನಾಲ್ಕರಿಂದ ಐದು ನನ್ನದು, ಐದರಿಂದ ಆರು ಅವಳದು. ನನ್ನ ಹೊತ್ತಿನಲ್ಲಿ ನನ್ನ ಮಕ್ಕಳು, ಅಡುಗೆಮನೆ, ಬಂದವರು, ಎಲ್ಲ ಅವಳ ಜವಾಬ್ದಾರಿ. ಅವಳ ಹೊತ್ತಿನಲ್ಲಿ ನನ್ನದು. ಬೆಳಗ್ಗೆ ತಿಂಡಿಗೆ ಕೂತಾಗ ಎಲ್ಲರ ಎದುರಿಗೆ ಹೇಳಿದೆ. "ಇವತ್ತಿಂದ ನಾಲ್ಕರಿಂದ ಐದರ ತನಕ ನಾನು ಸಿಗಲ್ಲ."

ಅತ್ತೆ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದರು, "ನಾವೆಲ್ಲ ನಿನಗೆ ಬೇಜಾರಾದ್ವಾ?"

ಈ ಪ್ರಶ್ನೆ ಬಂದೇ ಬರುತ್ತೆ. ನಿಮ್ಮ ಮನೆಯಲ್ಲೂ ಬರುತ್ತೆ. ಬಂದಾಗ ಸಿಟ್ಟು ಮಾಡಿಕೊಳ್ಳಬೇಡಿ. ವರ್ಷಕ್ಕೊಮ್ಮೆ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ ಅಂತ ತಿಂಗಳ ಮೊದಲೇ ಅಕ್ಕಿ ಹಿಟ್ಟು ಮಾಡಿಸಿ, ಹಾಸಿಗೆ ಬಿಸಿಲಿಗೆ ಹಾಕಿ ಕಾಯುವವರು ಅವರು. ಸೊಸೆ ದೂರ ಹೋಗಿ ಕೂರುತ್ತೇನೆ ಅಂದರೆ ಅವರಿಗೆ ನೋವಾಗುವುದು ಸಹಜ. ನಾನು ಹೇಳಿದೆ, "ಇಲ್ಲ ಅತ್ತೆ. ಆರು ಗಂಟೆಗೆ ನಿಮ್ಮ ಹತ್ತಿರ ಬಂದು ಕೂತು ಮಾತಾಡೋವಾಗ ನನಗೆ ಸುಸ್ತಾಗಿರಬಾರದು, ಅದಕ್ಕೆ." ಇದು ಜಾಣತನದ ಉತ್ತರ ಅಲ್ಲ, ನಿಜ. ಅದಕ್ಕೆ ಮೊದಲು ಸಂಜೆ ಅವರು ತಮ್ಮ ಹಳೆಯ ಕಥೆ ಹೇಳುವಾಗ ನಾನು ಹೂಂ ಅನ್ನುತ್ತಿದ್ದೆ ಅಷ್ಟೇ, ಕೇಳುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು.

ಅವರು ಒಪ್ಪಿದ್ದು ಅವತ್ತಲ್ಲ. ನಾಲ್ಕೈದು ದಿನ ನಾಲ್ಕು ಗಂಟೆ ಆದರೆ ಏನಾದರೂ ಒಂದು ಕೆಲಸ ನೆನಪಾಗುತ್ತಿತ್ತು ಅವರಿಗೆ. ವಾರಗಿತ್ತಿ ಎದ್ದು "ನಾನು ಮಾಡ್ತೀನಿ ಅತ್ತೆ" ಅನ್ನುತ್ತಿದ್ದಳು. ನೋಡಿ, ಅಲ್ಲೇ ಇರುವುದು ಗುಟ್ಟು. ಒಬ್ಬಳೇ ಕೇಳಿದರೆ ಅದು ಹಟ. ಇಬ್ಬರು ಒಬ್ಬರಿಗೊಬ್ಬರು ನಿಂತರೆ ಅದು ಮನೆಯ ಪದ್ಧತಿ. ನಿಮ್ಮ ಮನೆಯಲ್ಲಿ ಬಚ್ಚಲಿನ ಬಾಗಿಲು ತಟ್ಟುವ ಇನ್ನೊಬ್ಬರು ಯಾರು ಅಂತ ಮೊದಲು ಹುಡುಕಿ. ನಾದಿನಿ ಇರಬಹುದು, ವಾರಗಿತ್ತಿ ಇರಬಹುದು, ಅಮ್ಮನೇ ಇರಬಹುದು.

ಇನ್ನು ಅಡುಗೆಮನೆ. ಒಂದು ಗಂಟೆ ಬಿಡುವು ಬೇಕು ಅಂತ ಕೇಳಿದರೆ ಸಾಲದು, ಅದು ಎಲ್ಲಿಂದ ಬರುತ್ತೆ ಅಂತ ನೋಡಬೇಕು. ನಮ್ಮ ಮನೆಯಲ್ಲಿ ರಜೆಯ ತಿಂಡಿ ಬೆಳಗ್ಗೆ ಏಳಕ್ಕೆ ಶುರುವಾದರೆ ಹನ್ನೊಂದಕ್ಕೆ ಮುಗಿಯುತ್ತಿತ್ತು. ಯಾಕೆ ಅಂತ ನಾನೂ ವಾರಗಿತ್ತಿಯೂ ಲೆಕ್ಕ ಹಾಕಿದೆವು. ನೀರುದೋಸೆ. ಎಲ್ಲರಿಗೂ ಇಷ್ಟ, ಎಲ್ಲರಿಗೂ ಬಿಸಿಯಾಗಿಯೇ ಬೇಕು. ಒಬ್ಬರಿಗೆ ನಾಲ್ಕು ಅಂದರೂ 17 ಜನಕ್ಕೆ 68 ದೋಸೆ. ಒಂದಕ್ಕೆ ಎರಡು ನಿಮಿಷ ಹಿಡಿದರೆ 136 ನಿಮಿಷ. ಎರಡು ಗಂಟೆಗೂ ಜಾಸ್ತಿ ಒಬ್ಬಳು ಕಾವಲಿ ಮುಂದೆ ನಿಂತೇ ಇರಬೇಕು. ಅದೂ ಎಲ್ಲರೂ ಒಟ್ಟಿಗೆ ಬಂದರೆ. ಬರುವುದಿಲ್ಲವಲ್ಲ! ಮಾವ ಏಳಕ್ಕೆ, ಮಕ್ಕಳು ಎಂಟೂವರೆಗೆ, ಅಳಿಯಂದಿರು ಹತ್ತಕ್ಕೆ. ಕಾವಲಿ ಆರುವುದೇ ಇಲ್ಲ.

ಕಡುಬು ಹಾಗಲ್ಲ. ಅಕ್ಕಿ ತರಿ ಬೇಯಿಸಿ ಉಂಡೆ ಕಟ್ಟಿ ಹಬೆಗೆ ಇಟ್ಟರೆ ಮುಗಿಯಿತು, ಅದು ತಾನಾಗಿ ಬೇಯುತ್ತೆ, ನಾವು ನಿಲ್ಲಬೇಕಾಗಿಲ್ಲ. ಇಡ್ಲಿಯೂ ಹಾಗೇ. ಉಪ್ಪಿಟ್ಟು, ಅವಲಕ್ಕಿ, ಒಂದೇ ಸಲ ಮಾಡಿ ಮುಚ್ಚಿಡಬಹುದು. ಹಾಗಾಗಿ ನಾವು ತೀರ್ಮಾನ ಮಾಡಿದೆವು. ದಿನಾ ಹಬೆಯ ತಿಂಡಿ ಇಲ್ಲವೇ ಒಗ್ಗರಣೆ ತಿಂಡಿ. ಕಾವಲಿ ತಿಂಡಿ ವಾರಕ್ಕೆ ಎರಡೇ ದಿನ, ಅವತ್ತು ಅಳಿಯಂದಿರೂ ನಮ್ಮ ಯಜಮಾನರೂ ಸರದಿಯಲ್ಲಿ ದೋಸೆ ಹುಯ್ಯಬೇಕು. ತಿಂಡಿ ಎರಡೇ ಪಂಕ್ತಿ, ಏಳೂವರೆ ಮತ್ತು ಒಂಬತ್ತು. ಒಂಬತ್ತೂವರೆ ಆದ ಮೇಲೆ ಬಂದವರು ಪಾತ್ರೆ ಮುಚ್ಚಳ ತೆಗೆದು ತಾವೇ ಹಾಕಿಕೊಳ್ಳಬೇಕು. ಟೀ ದೊಡ್ಡ ಫ್ಲಾಸ್ಕಿಗೆ ಹಾಕಿ ಜಗಲಿಯಲ್ಲಿ ಇಡುವುದು. "ಒಂದು ಲೋಟ ಟೀ" ಅಂತ ಒಳಗೆ ಬರುವಂತಿಲ್ಲ. ಮಧ್ಯಾಹ್ನ ಬಾಳೆ ಎಲೆ, ತಟ್ಟೆ ತೊಳೆಯುವ ಕೆಲಸ ಇಲ್ಲ. ಎಲೆ ಎತ್ತುವುದು ಮಕ್ಕಳ ಪಾಳಿ.

ಇಷ್ಟರಿಂದಲೇ ಬೆಳಗ್ಗೆ ಎರಡು ಗಂಟೆ ಉಳಿಯಿತು. ಸಂಜೆಗೆ ಆಗಬೇಕಾದದ್ದು ಬೆಳಗ್ಗೆಯೇ ಮುಗಿಯಿತು. ದೊಡ್ಡ ದೊಡ್ಡ ಮಾತು ಆಡುವ ಬದಲು ನಾವು ಕಾವಲಿಯ ಲೆಕ್ಕ ಮಾಡಬೇಕು ಅಂತ ನನಗೆ ಆಮೇಲೆ ಅನಿಸಿತು.

ಲೆಕ್ಕ ಅಂದಾಗ ಇನ್ನೊಂದು ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ, ಮತ್ತೆ 2024ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಸಂಬಳ ಇಲ್ಲದ ಮನೆಗೆಲಸಕ್ಕೆ 2019ರಲ್ಲಿ ಆ ಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರಲ್ಲಿ ಹೆಂಗಸರದು 289, ಗಂಡಸರದು 88. ಐದು ವರ್ಷದಲ್ಲಿ ನಮ್ಮದು ಹತ್ತು ನಿಮಿಷ ಕಡಿಮೆ ಆಯ್ತು ಅಂತ ಸಂತೋಷಪಡೋಣ ಅಂದರೆ, ಅವರದೂ ಒಂಬತ್ತು ನಿಮಿಷ ಕಡಿಮೆ ಆಗಿದೆ. ಇದು ವರ್ಷದ ಎಲ್ಲ ದಿನಗಳ ಸರಾಸರಿ. ಮನೆಯಲ್ಲಿ 17 ಜನ ಇರುವ ಮೇ ತಿಂಗಳ ದಿನ ಎಷ್ಟಾಗುತ್ತೆ ಅಂತ ನೀವೇ ಊಹಿಸಿ.

ಇನ್ನು ಆ ಒಂದು ಗಂಟೆಯಲ್ಲಿ ಏನು ಮಾಡುವುದು? ಏನಾದರೂ ಮಾಡಬೇಕು ಅಂತೇನಿಲ್ಲ. ಮೊದಲ ನಾಲ್ಕು ದಿನ ನನ್ನ ಗಂಟೆ ಪೂರ್ತಿ ಮೊಬೈಲಿಗೆ ಹೋಯಿತು. ಎದ್ದಾಗ ಕಣ್ಣು ಉರಿ, ಮನಸ್ಸಿಗೆ ಏನೂ ಸಿಕ್ಕಿರಲಿಲ್ಲ. ಮನೆಯ 17 ಜನರಿಂದ ಬಿಡಿಸಿಕೊಂಡು ಇನ್ನೂರು ಜನರ ಗುಂಪಿಗೆ ಹೋಗಿ ಕೂತ ಹಾಗಾಯಿತು. ಐದನೆಯ ದಿನ ಫೋನನ್ನು ಅತ್ತೆಯ ಕೈಗೆ ಕೊಟ್ಟು ಹೋದೆ. ಅದರಿಂದ ಇನ್ನೊಂದು ಉಪಕಾರ ಆಯಿತು. ನಾನು ಯಾರ ಹತ್ತಿರ ಮಾತಾಡೋಕೆ ಹೋಗುತ್ತೇನೆ ಅನ್ನುವ ಅನುಮಾನ ಅವರಿಗೆ ಇದ್ದಿದ್ದರೆ ಅದೂ ಹೋಯಿತು.

ನನ್ನ ಜಾಗ ಮನೆಯ ಹಿಂದೆ, ಹಲಸಿನ ಮರದ ಬುಡದ ಕಲ್ಲು. ಒಂದು ಪುಸ್ತಕ ಒಯ್ಯುತ್ತೇನೆ, ಓದುವುದು ಸ್ವಲ್ಪವೇ. ಎದುರಿನ ಗದ್ದೆ ಬಯಲಲ್ಲಿ ಬಿಸಿಲು ಬಾಡುತ್ತ ಬರುವುದನ್ನು ನೋಡುತ್ತೇನೆ. ಮಧ್ಯಾಹ್ನ ಸುಮ್ಮನಿದ್ದ ಹಕ್ಕಿಗಳು ನಾಲ್ಕೂವರೆ ಹೊತ್ತಿಗೆ ಮತ್ತೆ ಕೂಗಲು ಶುರು ಮಾಡುತ್ತವೆ. ಇಷ್ಟು ವರ್ಷ ಆ ಮನೆಯಲ್ಲಿದ್ದರೂ ನನಗೆ ಅದು ಗೊತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಒಬ್ಬರು ಬೇರೆ ದಾರಿ ಕಂಡುಕೊಂಡಿದ್ದಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾಯಿತಲ್ಲ, ಆಮೇಲೆ ಅವರು ತಿಂಗಳಿಗೊಂದು ಸಲ ಒಬ್ಬರೇ ಶೃಂಗೇರಿಗೆ ಹೋಗುತ್ತಾರೆ. ಮನೆಯಲ್ಲಿ ನೆಂಟರಿದ್ದರೂ ಸರಿ, ಆ ದಿನ ತಪ್ಪಿಸುವುದಿಲ್ಲ. ಶಾರದಾಂಬೆಯ ದರ್ಶನ, ಆಮೇಲೆ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕುವುದು, ಮಠದಲ್ಲಿ ಊಟ, ವಾಪಸ್. "ದೇವರ ದರ್ಶನ ಹತ್ತು ನಿಮಿಷ ಕಣಮ್ಮ, ಮೀನಿನ ಹತ್ತಿರ ಒಂದು ಗಂಟೆ" ಅಂದರು ನನಗೆ. ಬಸ್ಸಿನ ಕಿಟಕಿ ಪಕ್ಕ ಕೂತರೆ ಎರಡು ಕಡೆ ಕಾಡು. ಎಪ್ಪತ್ತು ದಾಟಿದ ಮೇಲೆ ಅವರಿಗೆ ಅದು ಸಿಕ್ಕಿದೆ. ಮೊದಲಾದರೆ ಬಸ್ ಚಾರ್ಜಿಗೆ ಮಗನನ್ನು ಕೇಳಬೇಕಿತ್ತು, ಕೇಳಿದರೆ ಯಾಕೆ ಅಂತ ಹೇಳಬೇಕಿತ್ತು.

ಮಕ್ಕಳ ಬಗ್ಗೆ ಒಂದು ಮಾತು. ಮನೆ ತುಂಬ ಮಕ್ಕಳಿದ್ದಾಗ ಒಂದು ಮಗು ಅಟ್ಟ ಹತ್ತಿ ಮೂಲೆಯಲ್ಲಿ ಕೂತಿದ್ದರೆ ನಾವು ಎಳೆದು ತರುತ್ತೇವೆ. "ಎಲ್ಲರ ಜೊತೆ ಆಡು, ಯಾಕೆ ಹೀಗೆ ಒಬ್ಬನೇ ಕೂತಿದ್ಯಾ" ಅಂತ. ನನ್ನ ಚಿಕ್ಕ ನಾದಿನಿಯ ಮಗ ಹಾಗೇ. ಒಂಬತ್ತು ವರ್ಷ. ಅವನಿಗೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಪಕ್ಕ ಒಂದು ಗಂಟೆ ಬಿಟ್ಟರೆ ಆಮೇಲೆ ತಾನಾಗಿ ಇಳಿದು ಬಂದು ಎಲ್ಲರಿಗಿಂತ ಜೋರಾಗಿ ಆಡುತ್ತಾನೆ. ಅವನನ್ನು ಬಿಡಿ. ಅವನಿಗೆ ಬೇಕಾದದ್ದು ಅವನಿಗೆ ಗೊತ್ತಿದೆ.

ಸಭೆಯಲ್ಲಿ ಒಬ್ಬ ಹುಡುಗಿ ಕೇಳಿದಳು. ತೊಡೆಯ ಮೇಲೆ ಮಗು ಇತ್ತು. "ನನ್ನ ಮಗುವಿಗೆ ಒಂದು ವರ್ಷ. ನೀವು ಹೇಳೋದೆಲ್ಲ ಚೆನ್ನಾಗಿದೆ ಮೇಡಂ, ನನಗೆ ಹೇಗೆ ಸಾಧ್ಯ?"

ಅವಳಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ನಿನ್ನೊಬ್ಬಳಿಂದ ಸಾಧ್ಯ ಇಲ್ಲ, ಅದು ನಿನ್ನ ತಪ್ಪೂ ಅಲ್ಲ. ಮನೆಯವರು "ಮಗು ನಾವು ನೋಡ್ಕೋತೀವಿ, ನೀನು ಒಳಗೆ ಮಲಗು" ಅನ್ನುತ್ತಾರೆ. ಅದರಿಂದ ಆಗುವುದಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ತಾಯಿಯ ಮೈ ತಾನಾಗಿ ಎದ್ದುಬಿಡುತ್ತೆ. ಮಗುವನ್ನು ಎತ್ತಿಕೊಂಡು ಮನೆಯಿಂದ ಆಚೆ ಹೋಗಿ ಅಂತ ಹೇಳಬೇಕು. ತೋಟಕ್ಕೆ, ದೇವಸ್ಥಾನಕ್ಕೆ, ಬೀದಿಯ ಕೊನೆಯ ತನಕ. ಅಳು ಕೇಳದಷ್ಟು ದೂರ. ನಲವತ್ತು ನಿಮಿಷ ಸಾಕು. ಹಾಲು ಕುಡಿಸಿ ಕಳಿಸು. ಗಂಡ ಮಾಡಬಹುದಾದ ಕೆಲಸ ಇದು, ಮಾವ ಮಾಡಬಹುದು, ನಾದಿನಿ ಮಾಡಬಹುದು. ಇಂಥ ಹೊತ್ತಿಗೆ ಅಂತ ಮೊದಲೇ ಗೊತ್ತು ಮಾಡಿಕೋ. ಸುಸ್ತಾಗಿ ಅಳು ಬಂದ ಮೇಲೆ ಕೇಳಬೇಡ. ಆಗ ಕೇಳಿದರೆ ಅದು ಜಗಳದ ಹಾಗೆ ಕೇಳಿಸುತ್ತೆ, ನಿನಗೂ ಅವರಿಗೂ.

ಅವಳು ತಲೆಯಾಡಿಸಿದಳು. ಪಕ್ಕದಲ್ಲಿ ಕೂತಿದ್ದವರು ಮಗುವನ್ನು ಅವಳ ಕೈಯಿಂದ ತೆಗೆದುಕೊಂಡು ವರಾಂಡಕ್ಕೆ ಹೋದರು. ನನ್ನ ಮಾತು ಮುಗಿಯುವವರೆಗೆ ಅಲ್ಲೇ ಓಡಾಡಿಸುತ್ತಿದ್ದರು.

ಎರಡನೆಯ ವರ್ಷದ ರಜೆಯಲ್ಲಿ ಒಂದು ದಿನ ಅತ್ತೆ ತಾವಾಗಿ ಕೇಳಿದರು, "ನನಗೆ ಯಾವ ಹೊತ್ತು?" ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ನಾವು ಪೆನ್ಸಿಲಿನಲ್ಲಿ ಹೊತ್ತು ಬರೆದು ಇಟ್ಟಿದ್ದೆವು. ಬೆಳಗ್ಗೆ ಹತ್ತರಿಂದ ಹನ್ನೊಂದು ಅಂತ ಅವರ ಹೆಸರು ಬರೆದೆ. ಮದುವೆಯಾಗಿ ಐವತ್ತಾರು ವರ್ಷ ಆದ ಮೇಲೆ. ಆ ಹೊತ್ತಿನಲ್ಲಿ ಅವರು ಪೂಜೆ ಮಾಡಬಹುದು, ಇಲ್ಲ ಹೂಬತ್ತಿ ಹೊಸೆಯಬಹುದು ಅಂದುಕೊಂಡಿದ್ದೆ. ಅವರು ಏನೂ ಮಾಡಲಿಲ್ಲ. ಮೊದಲ ದಿನ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು, ಮರದ ಪೆಟ್ಟಿಗೆ ತೆಗೆದು, ತಮ್ಮ ಅಮ್ಮನ ಒಂದು ಹಳೆಯ ಸೀರೆ ತೊಡೆಯ ಮೇಲೆ ಹರವಿಕೊಂಡು ಕೂತಿದ್ದರಂತೆ. ಆಮೇಲೆ ಎಷ್ಟೋ ದಿನ ಬಿಟ್ಟು ನನ್ನ ಹತ್ತಿರ ಹೇಳಿದರು.

ನಿನ್ನೆ ರಾತ್ರಿ ವಾರಗಿತ್ತಿ ಫೋನ್ ಮಾಡಿದ್ದಳು. ಮಿಡಿ ಬಂದಿದೆಯಂತೆ, ಉಪ್ಪು ತಂದಿಟ್ಟಿದ್ದಾಳಂತೆ. ಹೊಸ ಕ್ಯಾಲೆಂಡರಿನ ಹಿಂದೆ ಎಲ್ಲರ ಹೊತ್ತೂ ಬರೆದಾಗಿದೆ, ನನ್ನದು ನಾಲ್ಕರಿಂದ ಐದೇ, ಬದಲಾಯಿಸಿಲ್ಲ. ದೊಡ್ಡ ನಾದಿನಿ ಬೆಂಗಳೂರಿನಿಂದಲೇ ಫೋನಿನಲ್ಲಿ ಮೂರರಿಂದ ನಾಲ್ಕು ಅಂತ ಬರೆಸಿದ್ದಾಳೆ.

"ಅಕ್ಕಾ, ಆ ಕಲ್ಲಿನ ಮೇಲೆ ತರಗೆಲೆ ಬಿದ್ದಿತ್ತು, ಗುಡಿಸಿ ಇಟ್ಟಿದೀನಿ" ಅಂದಳು.